ತಲೆನೋವಿಗೆ ಹತ್ತಕ್ಕೆ ಎರಡು

ಲ್ಯಾಬ್ ಕೆಲಸ ಕಲಿಯುವ ಹುಡುಗ ಹುಡುಗಿಯರು ಈಗೀಗ ಮನೆಗೆ ಬಂದು, "ಕಾಕಾ, ನಿಮ್ಮ ಕಾಲದಾಗ ಹೆಂಗ ಇತ್ರಿ?" ಎಂದು ಕೇಳುತ್ತಾರೆ. ನಾನು ಚಕಮಕಿ ಕಲ್ಲು ಉಜ್ಜಿ ಬೆಂಕಿ ಮಾಡುತ್ತಿದ್ದವನು ಎಂಬಂತೆ ಮುಖ ನೋಡುತ್ತಾರೆ. ನಿವೃತ್ತಿಯಾಗಿ ಬಹಳ ವರ್ಷವೇನೂ ಆಗಿಲ್ಲ ಮಹಾರಾಯರೇ, ಹಲ್ಲೆಲ್ಲ ಇನ್ನೂ ಬಾಯಲ್ಲೇ ಇವೆ. ಆದರೂ ಕೇಳಿದ್ದೀರಿ, ಹೇಳುತ್ತೇನೆ. ಬಡ್ತಿಯ ಕತೆ ಕೇಳಬೇಡಿ. ಎರಡು ಸಲ ಬಡ್ತಿ ಬಂತು, ಎರಡು ಸಲವೂ ಅದೇ ಸ್ಟೂಲಿನ ಮೇಲೆ ಕೂತಿದ್ದೆ.

ನಾನು ಉಟಗಿಯ ದಸ್ತಗೀರ. ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಒಂದು ಸಣ್ಣ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದೆ. ದವಾಖಾನೆಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ಗಟ್ಟಿಯಾಗಿದ್ದಾರೆ, ಬಾಯಿಯೂ ಗಟ್ಟಿಯಾಗಿದೆ. ಹಳ್ಳಿಯವರಿಗೆ ನಾನು ಟೆಕ್ನಿಶಿಯನ್ ಅಲ್ಲ, "ರಗತ ತಗಿಯೋ ಸಾಹೇಬ". ಮಕ್ಕಳು ಹಟ ಮಾಡಿದರೆ ತಾಯಂದಿರು ನನ್ನ ಹೆಸರು ಹೇಳಿ ಹೆದರಿಸುತ್ತಿದ್ದರು. ಇಂಥ ಕೀರ್ತಿ ನಿಮಗೂ ಸಿಗಲಿ.

ತೊಂಬತ್ತರ ದಶಕದ ಮಾತು. ನನ್ನ ಲ್ಯಾಬ್ ಅಂದರೆ ಒಂದು ಕೋಣೆ, ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್. ಫ್ರಿಜ್ಜಿನಲ್ಲಿ ನನ್ನ ಔಷಧದ ಬಾಟಲಿಗಳ ಪಕ್ಕದಲ್ಲಿ ಶೇವಂತಾ ಸಿಸ್ಟರ್ ಅವರ ಮೊಸರಿನ ಡಬ್ಬಿ. ಬೇಡವೆಂದು ಹತ್ತು ಸಲ ಹೇಳಿದೆ. "ನಿಮ್ಮ ರಗತದ ಬಾಜೂಕ ಇಡಾಕ ನನಗೇನ ಖುಷಿ ಐತೇನ್ರಿ? ಬಿಸಿಲಿಗೆ ಹುಳಿ ಆಗ್ತೈತಿ," ಎಂದು ನನಗೇ ಜೋರು ಮಾಡಿದರು. ಮೊಸರು ಅಲ್ಲೇ ಉಳಿಯಿತು.

ನನ್ನ ಮುಖ್ಯ ಕೆಲಸ ಇಎಸ್ಆರ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ರಕ್ತವನ್ನು ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಉದ್ದನೆಯ ಗಾಜಿನ ನಳಿಕೆಗೆ ತುಂಬಿ, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಒಂದು ತಾಸಿನಲ್ಲಿ ಕೆಂಪು ಕಣಗಳು ಎಷ್ಟು ಕೆಳಗಿಳಿದವು ಎಂದು ನೋಡಬೇಕು. ಹತ್ತು ಹದಿನೈದು ಗೆರೆ ಇಳಿದರೆ ಸರಿ. ಬಹಳ ಇಳಿದರೆ ಮೈಯೊಳಗೆ ಎಲ್ಲೋ ಉರಿಯೂತ ಇದೆ ಎಂದರ್ಥ. ಎಲ್ಲಿ, ಏನು, ಯಾಕೆ ಎಂದು ಅದು ಹೇಳುವುದಿಲ್ಲ. ಮನೆಯಲ್ಲಿ ಜಗಳ ನಡೆದಿದೆ ಎಂದಷ್ಟೇ ಹೇಳಿ ಹೋಗುವ ನೆರೆಮನೆಯವಳ ಹಾಗೆ.

ಈಗ ನಿಮಗೆ ಯಂತ್ರಗಳಿವೆ. ಆಗ ನಳಿಕೆಗೆ ರಕ್ತ ಏರಿಸುವ ವಿಧಾನ ಒಂದೇ, ಬಾಯಿಂದ ಎಳೆಯುವುದು. ಸೊನ್ನೆಯ ಗೆರೆಗೆ ಬಂದ ಕೂಡಲೇ ಬೆರಳಿಂದ ಮುಚ್ಚಬೇಕು. ಒಂದು ದಿನ ಎಳೆಯುತ್ತಿರುವಾಗಲೇ ಬಿಕ್ಕಳಿಕೆ ಬಂತು. ವಳಸಂಗದ ಮಾಸ್ತರರೊಬ್ಬರ ರಕ್ತ ನನ್ನ ಗಂಟಲಿಗಿಳಿಯಿತು. ಬಿಕ್ಕಳಿಕೆಯೇನೋ ಆ ಕ್ಷಣವೇ ನಿಂತಿತು, ಅಷ್ಟು ಲಾಭ. ತಡೆಯಲಾಗದೆ ಮನೆಯಲ್ಲಿ ಹೆಂಡತಿ ಜೈನಬಿಗೆ ಹೇಳಿಬಿಟ್ಟೆ. "ಹಾಯ್ ಅಲ್ಲಾ!" ಎಂದು ಬಾಯಿ ಮುಚ್ಚಿಕೊಂಡಳು. ಆಮೇಲೆ ಆರು ತಿಂಗಳು, "ಮೊದಲ ಹಲ್ಲ ತಿಕ್ಕೊಂಡ ಬರ್ರಿ, ಆಮ್ಯಾಲ ಊಟಕ್ಕ ಕುಂದ್ರಿ," ಎನ್ನುತ್ತಿದ್ದಳು. ಮಾಸ್ತರರಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ. ಎದುರು ಸಿಕ್ಕಾಗಲೆಲ್ಲ ನಾನೇ ಯಾಕೋ ಮೊದಲು ನಮಸ್ಕಾರ ಮಾಡುತ್ತೇನೆ. ರಬ್ಬರಿನ ಬುಡ್ಡೆ ಬಂದದ್ದು ಅದಾದ ಮೇಲೆ. ಅದನ್ನು ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ.

ಇನ್ನು ಮೇಜಿನ ಕತೆ. ನಮ್ಮಲ್ಲಿಗೆ ಹೊಸದಾಗಿ ಪರಾಂಜಪೆ ಡಾಕ್ಟರು ಬಂದರು. ಪುಣೆಯವರು, ಸಣ್ಣ ವಯಸ್ಸು, ಬಿಳಿ ಕೋಟು, ಇಸ್ತ್ರಿ ಮಾಡಿದ ಕರವಸ್ತ್ರ. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ನಾಲ್ಕೇ ಮಾತು. ಉಳಿದದ್ದೆಲ್ಲ ಮರಾಠಿ, ಅದನ್ನು ಇಲ್ಲಿ ಕನ್ನಡಕ್ಕಿಳಿಸಿ ಬರೆಯುತ್ತೇನೆ. ಅವರು ಬಂದ ಹೊಸತರಲ್ಲಿ ನನ್ನ ಲ್ಯಾಬಿನಿಂದ ಹೋದ ಇಎಸ್ಆರ್ ಎಲ್ಲವೂ ನಲವತ್ತು, ಐವತ್ತು. ಕೆಮ್ಮಿದವರಿಗೂ ನಲವತ್ತು, ಕಾಲು ಉಳುಕಿದವರಿಗೂ ನಲವತ್ತು. ಡಾಕ್ಟರಿಗೆ ಗಾಬರಿ. ಊರಿಗೆ ಊರೇ ಕ್ಷಯ ಹಿಡಿದು ಕೂತಿದೆ ಎಂದುಕೊಂಡು ಎಲ್ಲರಿಗೂ ಎದೆಯ ಫೋಟೋ ಬರೆದರು. ಕೊನೆಗೆ ತಮ್ಮ ರಕ್ತವನ್ನೇ ಕೊಟ್ಟು ನೋಡಿದರು, ನಲವತ್ತೈದು! ಇಡೀ ದಿನ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತರು. ಪುಣೆಯ ತಾಯಿಗೆ ಕಾಗದ ಬರೆಯಲೂ ಶುರು ಮಾಡಿದ್ದರು ಎಂದು ಶೇವಂತಾ ಸಿಸ್ಟರ್ ಹೇಳುತ್ತಾರೆ.

ಅದೇ ಸಿಸ್ಟರ್ ಒಂದು ಮಧ್ಯಾಹ್ನ ಲಿಂಬೆಹಣ್ಣು ತಂದು ನನ್ನ ಮೇಜಿನ ಮೇಲಿಟ್ಟರು. ಅದು ತನ್ನಷ್ಟಕ್ಕೆ ಉರುಳಿ ಕೆಳಗೆ ಬಿತ್ತು. ಮತ್ತೆ ಇಟ್ಟರು, ಮತ್ತೆ ಉರುಳಿತು. ಡಾಕ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಲಿಂಬೆಹಣ್ಣನ್ನು ನೋಡಿದರು, ಮೇಜನ್ನು ನೋಡಿದರು, ನನ್ನನ್ನು ನೋಡಿದರು. ನಳಿಕೆ ಸ್ವಲ್ಪ ಓರೆಯಾದರೂ ಕಣಗಳು ಬೇಗ ಜಾರುತ್ತವೆ, ಲೆಕ್ಕ ಸುಳ್ಳಾಗುತ್ತದೆ. ಇದು ನಮಗೆ ಮೊದಲ ವರ್ಷವೇ ಕಲಿಸುವ ಪಾಠ. ನನ್ನ ಮೇಜಿನ ಒಂದು ಕಾಲು ಗಿಡ್ಡ.

"ದಸ್ತಗೀರ, ನಾನು ಸಾಯುವುದಿಲ್ಲ ತಾನೇ?" ಎಂದರು.

"ಇಲ್ರೀ ಸರ್, ಮೇಜಿಗೆ ಕ್ಷಯ ಆಗೈತಿ," ಎಂದೆ.

ಆಮೇಲೆ ಅವರು ಬೈದದ್ದನ್ನು ಬರೆಯುವುದಿಲ್ಲ. ಪುಣೆಯ ಮರಾಠಿಯಲ್ಲಿ ಬೈಗುಳವೂ ಬಹಳ ಶುದ್ಧವಾಗಿರುತ್ತದೆ. ರಟ್ಟಿನ ತುಂಡು ಮಡಚಿ ಮೇಜಿನ ಕಾಲಿನ ಕೆಳಗೆ ಇಟ್ಟೆ. ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಭಯ ಕೂತಿತು. ಲೆಕ್ಕ ಜಾಸ್ತಿ ಬಂದರೆ ಅದು ರೋಗಿಯ ರೋಗವಲ್ಲ, ನನ್ನ ತಪ್ಪು ಎಂದು. ಈ ಭಯ ಒಳ್ಳೆಯದು ಎಂದೇ ನಾನು ತಿಳಿದಿದ್ದೆ.

ಪರಾಂಜಪೆ ಡಾಕ್ಟರಿಗೆ ಅರೆತಲೆನೋವು ಇತ್ತು. ಬಂದಾಗ ಕೋಣೆಯ ಕಿಟಕಿಗಳಿಗೆ ಚಾದರ ಕಟ್ಟಿಕೊಂಡು ಮಲಗುತ್ತಿದ್ದರು. ಹಾಗಾಗಿ ಅವರಿಗೆ ಒಂದು ಹುಚ್ಚು ಹತ್ತಿತು. ತಲೆಯಲ್ಲಿ ಗಡ್ಡೆಯಿಲ್ಲ, ಜ್ವರವಿಲ್ಲ, ಪೆಟ್ಟಿಲ್ಲ, ಆದರೂ ತಲೆ ನೋಯುತ್ತದೆ, ಅಂಥವರ ರಕ್ತದಲ್ಲಿ ಉರಿಯೂತದ ಗುರುತು ಇರುತ್ತದೆಯೇ? ನೋವು ಹೆಚ್ಚಾದಷ್ಟೂ ಆ ಗುರುತು ಏರುತ್ತದೆಯೇ? ಇದನ್ನು ನೋಡಿ ಡಾಕ್ಟರುಗಳ ಒಂದು ಸಭೆಯಲ್ಲಿ ಪ್ರಬಂಧ ಓದಬೇಕೆಂದು ಅವರ ಆಸೆ. ಬೇರೆ ಯಾವ ಕಾರಣವೂ ಕಾಣದ ತಲೆನೋವಿನವರನ್ನು ಅವರು ಆರಿಸುವುದು, ನಾನು ರಕ್ತ ತೆಗೆದು ಇಎಸ್ಆರ್, ಸಿಆರ್‌ಪಿ ಎರಡೂ ನೋಡುವುದು, ಮತ್ತು ನೋವು ಹತ್ತಕ್ಕೆ ಎಷ್ಟು ಎಂದು ಕನ್ನಡದಲ್ಲಿ ಕೇಳಿ ಬರೆಯುವುದು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಸಾಯುವಷ್ಟು.

ಸಿಆರ್‌ಪಿ ಅಂದರೆ ಆಗ ಕಪ್ಪು ಗಾಜಿನ ಮೇಲಿನ ಆಟ. ಒಂದು ಹನಿ ರಕ್ತದ ನೀರು, ಒಂದು ಹನಿ ಹಾಲಿನಂಥ ಔಷಧ, ಕೂಡಿಸಿ ಎರಡು ನಿಮಿಷ ಗಾಜನ್ನು ಮೆಲ್ಲಗೆ ತೂಗಬೇಕು. ಉರಿಯೂತ ಇದ್ದರೆ ಹಾಲು ಒಡೆದ ಹಾಗೆ ಕಾಳುಕಾಳಾಗುತ್ತದೆ. ಇಲ್ಲದಿದ್ದರೆ ಹಾಲು ಹಾಲೇ. ಔಷಧ ಸಾಂಗ್ಲಿಯಿಂದ ಬರ್ಫದ ಡಬ್ಬಿಯಲ್ಲಿ ಬರಬೇಕು, ತೀರಿದರೆ ಮತ್ತೆ ಬರುವ ತನಕ ಕಾಯಬೇಕು.

ನನ್ನ ಊರಿನವನೇ ಆದ ಕುರಿ ಕಾಯುವ ಕರೆಪ್ಪ ಮೊದಲಿಗರಲ್ಲಿ ಒಬ್ಬ. ವರ್ಷಗಟ್ಟಲೆ ತಲೆನೋವು. ನೋವು ಬಂತೆಂದರೆ ತಲೆಯ ರುಮಾಲು, ನಮ್ಮ ಕಡೆಯ ಪಟಕಾ, ಬಿಗಿಯಾಗಿ ಸುತ್ತುತ್ತಾನೆ. ಬಿಗಿದಷ್ಟೂ ನೋವು, ನೋವು ಬಂದಷ್ಟೂ ಬಿಗಿತ. ಡಾಕ್ಟರು ಪಟಕಾ ತೆಗೆಸಿದರು. ಹಣೆಯ ಸುತ್ತ ಎತ್ತಿಗೆ ನೊಗ ಬಡಿದಂಥ ಗುರುತು. "ಎಂಟು ದಿನ ಇದನ್ನು ಕಟ್ಟಬೇಡ," ಎಂದರು. ಕರೆಪ್ಪ ಅರ್ಧ ತಾಸು ವಾದ ಮಾಡಿದ. "ಬರೇ ತೆಲಿಲೇ ಹ್ವಾದ್ರ ಕುರಿ ನನ್ನ ಗುರ್ತ ಹಿಡಿಯಂಗಿಲ್ರಿ!" ಎಂಟು ದಿನದ ಮೇಲೆ ನೋವಿಲ್ಲದೆ ಬಂದ. ಮುಖದಲ್ಲಿ ಮಾತ್ರ ಸಂತೋಷವಿಲ್ಲ. "ನೋವ ಹೋತ್ರಿ. ಆದ್ರ ಮಂದಿ ನನ್ನ ತೆಲಿ ನೋಡಿ ನಗತಾರ. ಬೋಳ ಐತಂತ ಇಡೀ ಊರಿಗೆ ಗೊತ್ತಾತು," ಎಂದ. ಸಡಿಲವಾಗಿ ಕಟ್ಟುವುದೆಂದು ಒಪ್ಪಂದವಾಯಿತು.

ಇನ್ನೊಬ್ಬ ತಲೆನೋವಿನವ ನಾನೇ. ರೋಜಾ ತಿಂಗಳಲ್ಲಿ ಹಗಲೆಲ್ಲ ಚಹಾ ಇಲ್ಲ. ದಿನಕ್ಕೆ ಎಂಟು ಕಪ್ಪಿನವನಿಗೆ ಮಧ್ಯಾಹ್ನವಾದರೆ ತಲೆಯೊಳಗೆ ಕಮ್ಮಾರ ಕೂತು ಬಡಿಯುತ್ತಿದ್ದ. ಡಾಕ್ಟರು ಖುಷಿಯಿಂದ ನನ್ನ ರಕ್ತವನ್ನೂ ತೆಗೆಸಿದರು. ಇಎಸ್ಆರ್ ಆರು. ಸಿಆರ್‌ಪಿ ಹಾಲಿನಂತೆ ಶುಭ್ರ.

"ದಸ್ತಗೀರ, ನಿನ್ನ ರಕ್ತದ ಪ್ರಕಾರ ನಿನಗೆ ತಲೆನೋವೇ ಇಲ್ಲ," ಎಂದರು.

"ಹಂಗಾರ ಈ ತೆಲಿ ಯಾರದ್ರಿ ಸರ್?" ಎಂದು ಕೇಳಿದೆ. ಪ್ರಬಂಧದಲ್ಲಿ ನನ್ನನ್ನೂ ಒಬ್ಬನೆಂದು ಸೇರಿಸಿದರು.

ಆದರೆ ಅವರನ್ನು ಬೆರಗುಗೊಳಿಸಿದ್ದು ನೋವಿನ ಅಂಕಿ. ನಮ್ಮ ಕಡೆಯ ಜನ ಎಂಥ ನೋವಿದ್ದರೂ ನಾಲ್ಕು ದಾಟುತ್ತಿರಲಿಲ್ಲ. ಒಬ್ಬ ಹೆಣ್ಣುಮಗಳು ಗೋಡೆಗೆ ಹಣೆ ಒತ್ತಿಕೊಂಡು ಅಳುತ್ತಲೇ "ಮೂರು ಬರಕೋರಿ" ಎಂದಳು. ಇನ್ನೊಬ್ಬಾತ ಬೆಂಚಿನ ಮೇಲೆ ಹೊರಳಾಡುತ್ತ, "ಎರಡು... ಬ್ಯಾಡ್ರಿ, ಒಂದೂವರಿ ಹಾಕ್ರಿ," ಎಂದ. ಡಾಕ್ಟರ ಕಣ್ಣು ಅರಳಿದವು. "ಎಂಥ ಸಹನೆಯ ಜನ ದಸ್ತಗೀರ! ಪುಣೆಯಲ್ಲಿ ಸೊಳ್ಳೆ ಕಚ್ಚಿದರೆ ಒಂಬತ್ತು ಅನ್ನುತ್ತಾರೆ." ಪ್ರಬಂಧದ ಕರಡಿನಲ್ಲಿ ಈ ಭಾಗದ ಜನರ ತಾಳ್ಮೆಯ ಬಗ್ಗೆ ಒಂದು ಪುಟವನ್ನೇ ಬರೆದರು. ನನಗೂ ಎದೆ ಉಬ್ಬಿತು. ನಮ್ಮ ನೆಲದ ಗುಣವೇ ಅಂಥದ್ದು, ಜೋಳದ ರೊಟ್ಟಿಯ ಶಕ್ತಿ ಎಂದೆಲ್ಲ ಬಡಾಯಿ ಕೊಚ್ಚಿದೆ. ಅದನ್ನೂ ಅವರು ಬರೆದುಕೊಂಡರು.

ರೋಜಾ ಮುಗಿದ ಹೊಸತರಲ್ಲೇ ಬೆಳುಂಕಿಯ ಬಾಳವ್ವ ಬಂದಳು. ಎಪ್ಪತ್ತರ ಆಸುಪಾಸಿನ ಮುದುಕಿ, ಸಣಕಲು ಮೈ, ಮೆಣಸಿನಕಾಯಿಯಂಥ ಬಾಯಿ. ಜೊತೆಗೆ ಸೊಸೆ ಮಾದೇವಿ. ಎಡಗಡೆಯ ಕಣತಲೆ, ಅಂದರೆ ಕಣ್ಣಿಗೂ ಕಿವಿಗೂ ನಡುವಿನ ಜಾಗ, ಮೂರು ವಾರದಿಂದ ನೋಯುತ್ತಿದೆ ಎಂದು ಡಾಕ್ಟರಿಗೆ ಹೇಳಿದ್ದಳು. ಅವರು ಅರೆತಲೆನೋವೆಂದು ಬರೆದು ನನ್ನ ಕಡೆ ಕಳಿಸಿದ್ದರು.

"ಆಯಿ, ನೋವು ಹತ್ತಕ್ಕ ಎಷ್ಟ ಐತ್ರಿ?" ಎಂದೆ.

ಬಾಳವ್ವ ಸೊಸೆಯ ಮುಖ ನೋಡಿದಳು. ಸೊಸೆ ಎರಡು ಬೆರಳು ತೋರಿಸಿದಳು. "ಎರಡ ಹಾಕೊ ತಮ್ಮಾ," ಎಂದಳು ಬಾಳವ್ವ.

ರಕ್ತ ತೆಗೆದೆ. ಅವಳು ಊರಿಗೆ ಹೋದಳು. ತಾಸಾದ ಮೇಲೆ ನೋಡಿದರೆ ಕಣಗಳು ಅರ್ಧ ನಳಿಕೆ ದಾಟಿ ಇಳಿದಿವೆ. ನೂರಾ ಹತ್ತು! ಥಟ್ಟನೆ ಮೇಜಿನ ಕೆಳಗೆ ಬಗ್ಗಿದೆ. ಕಸ ಗುಡಿಸುವಾಕೆ ರಟ್ಟಿನ ತುಂಡನ್ನೂ ಗುಡಿಸಿಕೊಂಡು ಹೋಗಿದ್ದಳು. ತಲೆಯ ಮೇಲಿನ ಭಾರ ಇಳಿದ ಹಾಗಾಯಿತು. ನೋವು ಎರಡು, ಇಎಸ್ಆರ್ ನೂರಾ ಹತ್ತು, ಹೀಗೆ ಎಲ್ಲಾದರೂ ಇರುತ್ತದೆಯೇ? ಮತ್ತೆ ಡಾಕ್ಟರ ಶುದ್ಧ ಮರಾಠಿ ಕೇಳುವುದು ಬೇಡವೆಂದು ರಿಜಿಸ್ಟರಿನಲ್ಲಿ ನೂರಾ ಹತ್ತಕ್ಕೆ ಕಾಟು ಹೊಡೆದು "ಮೇಜು ಓರೆ, ಮತ್ತೆ ತೆಗೆಯುವುದು" ಎಂದು ಬರೆದೆ. ಸಿಆರ್‌ಪಿ ಔಷಧ ಆ ವಾರ ತೀರಿತ್ತು. ಬೆಳುಂಕಿಯ ಕಡೆ ಹೋಗುವವರ ಕೈಯಲ್ಲಿ, ಮುಂದಿನ ಸಂತೆಯ ದಿನ ಬರಬೇಕೆಂದು ಹೇಳಿ ಕಳಿಸಿದೆ. ಆಮೇಲೆ ಚಹಾ ಕುಡಿಯಲು ಹೋದೆ. ಆ ಚಹಾ ನನಗೆ ಇವತ್ತಿಗೂ ನೆನಪಿದೆ, ಬಹಳ ಚೆನ್ನಾಗಿತ್ತು.

ಸಂತೆಯ ದಿನ ಬಾಳವ್ವ ಮತ್ತೆ ಬಂದಳು. ಈ ಸಲ ನಾನು ಹುಷಾರು. ಗವಂಡಿಯವನಿಂದ ದಾರಕ್ಕೆ ಕಟ್ಟಿದ ಗುಂಡು ತಂದಿದ್ದೆ, ಗೋಡೆ ನೆಟ್ಟಗಿದೆಯೇ ಎಂದು ಅವರು ಇಳಿಬಿಟ್ಟು ನೋಡುವಂಥದ್ದು. ಸ್ಟ್ಯಾಂಡಿನ ಪಕ್ಕ ಇಳಿಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ಓರೆಯಿಲ್ಲ. ರಕ್ತ ಕೊಟ್ಟು ಅತ್ತೆ ಸೊಸೆ ಸಂತೆಗೆ ಹೋದರು. ಸಿಆರ್‌ಪಿ ಔಷಧ ಬಂದಿತ್ತು. ಗಾಜನ್ನು ಎರಡು ಬಾರಿ ತೂಗುವಷ್ಟರಲ್ಲೇ ಹಾಲು ಒಡೆಯಿತು. ತಾಸಾದ ಮೇಲೆ ನಳಿಕೆ ನೋಡಿದೆ. ನೂರಾ ಹನ್ನೆರಡು.

ಡಾಕ್ಟರ ಹತ್ತಿರ ಓಡಿದೆ. ನೂರಾ ಹನ್ನೆರಡು, ಸಿಆರ್‌ಪಿ ಕಾಳುಗಟ್ಟಿದೆ, ನೋವು ಮಾತ್ರ ಎರಡು ಎಂದೆ. ಅವರು ಗಾಬರಿಯಾಗುತ್ತಾರೆಂದುಕೊಂಡರೆ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. "ನೋಡು! ರಕ್ತದಲ್ಲಿ ಇಷ್ಟು ಉರಿ, ನೋವು ಬರೀ ಎರಡು! ಎರಡಕ್ಕೂ ಸಂಬಂಧವೇ ಇಲ್ಲ ಎಂದಾಯಿತು. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?" ನಾನೂ ಹಲ್ಲು ಕಿರಿದೆ. ಇಬ್ಬರೂ ಲ್ಯಾಬಿಗೆ ಬಂದು ಆ ನಳಿಕೆಯನ್ನು ಮದುಮಗಳನ್ನು ನೋಡಿದ ಹಾಗೆ ನೋಡುತ್ತ ನಿಂತೆವು.

ಆಗ ಕಿಟಕಿಯಲ್ಲಿ ಮಾದೇವಿಯ ಮುಖ ಕಾಣಿಸಿತು.

"ಸಾಹೇಬ್ರ, ನಮ್ಮತ್ತಿ ಎರಡೂ ಸಲ ಎರಡ ಹೇಳ್ಯಾಳ್ರಿ. ಹೆಸರ ಯಾದಿಯಾಗ ಬಂತೇನ್ರಿ?"

"ಯಾವ ಯಾದಿ?"

"ಅದರೀ, ತೆಲಿನೋವಿನ ಆಣೇವಾರಿ. ಐದರಕಿಂತ ಕಡಿಮಿ ಇದ್ದಾರಿಗೆ ಸವಲತ್ತ ಐತಂತಲ್ರಿ. ಊರಾಗೆಲ್ಲಾ ಅದ ಮಾತ ಐತಿ."

ಆಣೇವಾರಿ ಎಂದರೆ ನಮ್ಮ ಕಡೆ ಕೂಸಿಗೂ ಗೊತ್ತು. ವರ್ಷವರ್ಷ ಸರಕಾರದವರು ಬಂದು ಬೆಳೆ ನೋಡಿ, ಹದಿನಾರಾಣೆಗೆ ಎಷ್ಟಾಣೆ ಬೆಳೆ ಎಂದು ಬರೆಯುತ್ತಾರೆ. ಅರ್ಧಕ್ಕಿಂತ ಕಡಿಮೆ ಬಂದರೆ ಊರು ಬರಗಾಲದ ಯಾದಿಗೆ ಸೇರುತ್ತದೆ, ಸವಲತ್ತು ಸಿಗುತ್ತದೆ. ಹಾಗಾಗಿ ಕೈಯಲ್ಲಿ ಕಾಗದ ಹಿಡಿದ ಸರಕಾರಿ ಮನುಷ್ಯ "ಎಷ್ಟು?" ಎಂದು ಕೇಳಿದರೆ ನಮ್ಮ ಜನ ಅರ್ಧದ ಮೇಲೆ ಹೇಳುವುದೇ ಇಲ್ಲ, ಏನು ಕೇಳಿದ ಎಂಬುದು ಆಮೇಲಿನ ಮಾತು. ಉಟಗಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ! ಜೋಳದ ರೊಟ್ಟಿಯ ಶಕ್ತಿಯಂತೆ, ಮಣ್ಣು!

"ಮಾದೇವಿ, ಸವಲತ್ತ ಗಿವಲತ್ತ ಏನೂ ಇಲ್ಲವ್ವ. ಖರೇ ಹೇಳು. ನೋವು ಎಷ್ಟ ಐತಿ?"

"ಖರೇ ಹೇಳಲೇನ್ರಿ? ಹತ್ತ ಮುಗದ ಮ್ಯಾಲ ಇನ್ನಾ ಹತ್ತ ಐತ್ರಿ! ತೆಲಿಗೆ ಬಾಚಣಿಗಿ ಮುಟ್ಟಗೊಡಂಗಿಲ್ಲ. ಎರಡ ತುತ್ತ ತಿಂದ್ರ ದವಡಿ ಸೋಲತೈತಿ ಅಂತಾಳ. ನಿನ್ನ ರೊಟ್ಟಿ ಚಪ್ಪಲಿ ಆಗ್ಯಾವ ಅಂತ ನನಗ ಬೈತಾಳ್ರಿ. ನಾ ಚಲೋನ ಬಡೀತೀನ್ರಿ ರೊಟ್ಟಿ, ಊರಾಗ ಯಾರನ್ನರ ಕೇಳ್ರಿ. ಮತ್ತ ಈ ವಾರ ಎರಡ ಸಲ ಎಡಗಣ್ಣಿಗೆ ಪರದೆ ಬಿದ್ದಂಗ ಆಗಿತ್ರಿ, ಆಮ್ಯಾಲ ತಾನ ಸರೀತು."

ನಾನು ಮರಾಠಿಯಲ್ಲಿ ಹೇಳುತ್ತ ಹೋದೆ. ದವಡೆಗೆ ಬಂದಾಗ ಡಾಕ್ಟರ ಮುಖದ ನಗು ಹೋಯಿತು. ಪರದೆಗೆ ಬಂದಾಗ ಮುಖದ ಬಣ್ಣವೇ ಹೋಯಿತು. "ಇದು ಅರೆತಲೆನೋವಲ್ಲ. ಕಣತಲೆಯ ರಕ್ತನಾಳ ಉರಿಯುತ್ತಿದೆ. ಕಣ್ಣಿನ ನಾಳ ಮುಚ್ಚಿದರೆ ಎರಡು ಕಣ್ಣೂ ಹೋಗುತ್ತವೆ, ಇವತ್ತೇ ಹೋಗಬಹುದು. ಅಜ್ಜಿ ಎಲ್ಲಿ?"

ಬೆಳುಂಕಿಯ ಜೀಪಿನಲ್ಲಿ ಕೂತಿದ್ದಾಳೆ, ತುಂಬಿದ ಕೂಡಲೇ ಬಿಡುತ್ತಾನೆ ಎಂದಳು ಮಾದೇವಿ.

ಮೂವರೂ ಓಡಿದೆವು. ಪರಾಂಜಪೆ ಡಾಕ್ಟರು ಓಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಬಿಳಿ ಕೋಟು ಹಾರುತ್ತಿದೆ, ಕುತ್ತಿಗೆಯಲ್ಲಿ ಸ್ಟೆತಸ್ಕೋಪು ಕುಣಿಯುತ್ತಿದೆ. ಸಂತೆಯ ಜನ ಯಾವನೋ ಕಳ್ಳ ಸಿಕ್ಕನೆಂದು ಹಿಂದೆ ಓಡಿ ಬಂದರು. ಹೊರಟಿದ್ದ ಜೀಪಿನ ಮುಂದೆ ಡಾಕ್ಟರು ಎರಡೂ ಕೈ ಚಾಚಿ ನಿಂತರು. ಒಳಗೆ ಹದಿನಾಲ್ಕು ಜನ, ಒಂದು ಆಡು. ಬಾಳವ್ವ ಕಿಟಕಿಯ ಪಕ್ಕ.

"ಆಯಿ, ಇಳೀರಿ! ಲಗೂನ ಇಳೀರಿ!" ಎಂದೆ.

"ನಾ ಯಾಕ ಇಳೀಲೊ? ಖಿಡಕಿ ಸೀಟ ಐತಿ. ಅರ್ಧಾ ತಾಸ ಜಗಳಾಡಿ ಹಿಡದೀನಿ."

"ನಿಮ್ಮ ಕಣ್ಣ ಹೋಗ್ತಾವ ಆಯಿ!"

"ಇಳದ್ರ ಸೀಟ ಹೋಗ್ತೈತಿ!"

ಡಾಕ್ಟರು ಕಿಟಕಿಯೊಳಗೆ ಕೈ ಹಾಕಿ ಅವಳ ಎಡ ಕಣತಲೆ ಮುಟ್ಟಿದರು. ಅಲ್ಲಿ ನಾಳ ಹುರಿಗೊಳಿಸಿದ ಹಗ್ಗದ ಹಾಗೆ ಗಟ್ಟಿಯಾಗಿ ಎದ್ದಿತ್ತು. ಬಾಳವ್ವ ಚೀರಿ ಡಾಕ್ಟರ ಕೈಗೆ ಫಟ್ಟೆಂದು ಹೊಡೆದಳು. ಆಡೂ ಚೀರಿತು. "ಇದು ಎರಡೇ?" ಎಂದು ಡಾಕ್ಟರು ಕೈ ಉಜ್ಜಿಕೊಳ್ಳುತ್ತ ನನ್ನನ್ನು ಕೇಳಿದರು.

ಜೀಪಿನವನು ಇಳಿಸಲು ಒಪ್ಪ. ಉಳಿದವರು ಹೊತ್ತಾಯಿತೆಂದು ಗಲಾಟೆ. ಆಗ ಡಾಕ್ಟರಿಗೆ ಬರುತ್ತಿದ್ದ ನಾಲ್ಕು ಮಾತು ಉಪಯೋಗಕ್ಕೆ ಬಂದವು. "ಗಾಡಿ. ದವಾಖಾನಿ. ನಡೀರಿ. ಲಗೂನ!" ಎಂದು ಕೂಗಿ ಜೀಪಿನ ಹಿಂದಿನ ಮೆಟ್ಟಿಲಿಗೆ ಜೋತುಬಿದ್ದರು. ಸೀಟು ಹೋಗುವ ಭಯಕ್ಕೆ ಒಬ್ಬರೂ ಇಳಿಯಲಿಲ್ಲ. ಹದಿನಾಲ್ಕು ಜನ ಮತ್ತು ಆಡು ಸಮೇತ ಜೀಪು ದವಾಖಾನೆಯ ಅಂಗಳಕ್ಕೆ ಬಂತು. ಶೇವಂತಾ ಸಿಸ್ಟರ್ ದೊಡ್ಡ ಅಪಘಾತವೇ ಆಗಿದೆಯೆಂದು ಹತ್ತಿಯ ಪೂರ್ತಿ ಉಂಡೆ ಹಿಡಿದು ಓಡಿ ಬಂದರು.

ಸ್ಟಿರಾಯ್ಡ್ ಗುಳಿಗೆಗಳನ್ನು ಅಲ್ಲೇ ನುಂಗಿಸಿದರು. "ಒಂದ ತೆಲಿಗೆ ಇಷ್ಟ್ಯಾಕೊ?" ಎಂದು ಬಾಳವ್ವ ಜಗಳ ತೆಗೆದಳು. ಆ ಮಧ್ಯಾಹ್ನವೇ ಅವಳನ್ನು ಮಿರಜದ ದೊಡ್ಡ ದವಾಖಾನೆಗೆ ಕಳಿಸಿದೆವು. ದಾರಿಯಲ್ಲಿ ಎಡಗಣ್ಣಿಗೆ ಮತ್ತೆ ಪರದೆ ಬಿತ್ತು. ಈ ಸಲ ಸರಿಯಲಿಲ್ಲ. ಮಿರಜದವರು ಕಣತಲೆಯ ನಾಳದ ಚೂರು ತೆಗೆದು ನೋಡಿ, ರೋಗ ಅದೇ ಎಂದರು. ಔಷಧ ಬಿದ್ದದ್ದರಿಂದ ಬಲಗಣ್ಣು ಉಳಿಯಿತು, ಇನ್ನೊಂದು ದಿನ ತಡವಾಗಿದ್ದರೆ ಅದೂ ಇರುತ್ತಿರಲಿಲ್ಲ ಎಂದು ಹೇಳಿ ಕಳಿಸಿದರು.

ಆ ಸುದ್ದಿ ಬಂದ ದಿನ ಡಾಕ್ಟರು ಲ್ಯಾಬಿಗೆ ಬಂದು ರಿಜಿಸ್ಟರ್ ತೆಗೆದರು. ಬಾಳವ್ವ ಮೊದಲ ಸಲ ಬಂದ ದಿನದ ಪುಟ. ನೂರಾ ಹತ್ತು, ಅದರ ಮೇಲೆ ನನ್ನ ಕಾಟು.

"ಆ ದಿನ ಸ್ಟ್ಯಾಂಡಿನಲ್ಲಿ ಎಷ್ಟು ನಳಿಕೆ ಇದ್ದವು?"

"ನಾಕ್ರಿ."

"ಉಳಿದ ಮೂರರ ಲೆಕ್ಕ?"

ಓದಿದೆ. ಎಂಟು, ಹನ್ನೆರಡು, ಹದಿನಾಲ್ಕು.

"ಮೇಜು ಒಂದೇ ನಳಿಕೆಗೆ ಓರೆಯಾಗಿತ್ತೇ ದಸ್ತಗೀರ?"

ಕಸ ಗುಡಿಸುವಾಕೆ ಬಂದದ್ದು ತಾಸು ಮುಗಿಯುವ ಹೊತ್ತಿಗೆ, ರಟ್ಟು ಹೋಗಿ ಗಳಿಗೆಯೂ ಆಗಿರಲಿಲ್ಲ ಎಂದು ಆಗ ನೆನಪಾಯಿತು. ಬೈಯಲಿ ಎಂದು ಕಾದೆ, ಅವರು ಬೈಯಲಿಲ್ಲ. ನನ್ನ ಸ್ಟೂಲಿನ ಮೇಲೆ ಕೂತು, "ಎರಡು ಎಂದಳಲ್ಲ ಎಂದು ನಾನು ಅವಳ ತಲೆ ಮುಟ್ಟಿ ನೋಡಲಿಲ್ಲ. ಚಪ್ಪಾಳೆ ತಟ್ಟಿದೆ," ಎಂದರು. ಹೊಸಬರಿಗೆ ಉಪದೇಶ ಮಾಡುವುದು ನನಗೆ ಆಗದ ಕೆಲಸ, ಆದರೂ ಇದೊಂದು ಬರೆದುಕೊಳ್ಳಿ. ಲೆಕ್ಕ ವಿಚಿತ್ರವಾಗಿ ಬಂದರೆ ಮೇಜಿನ ಕೆಳಗೆ ಬಗ್ಗುವ ಮೊದಲು ಪಕ್ಕದ ನಳಿಕೆ ನೋಡಿ.

ಪ್ರಬಂಧದ ಗತಿ ಏನಾಯಿತೆಂದು ಕೇಳುತ್ತೀರಿ. ಆಣೇವಾರಿ ಇಲ್ಲವೆಂದು ಊರೂರಿಗೆ ಹೇಳಿ ಮತ್ತೊಮ್ಮೆ ನೋವು ಕೇಳಿದೆವು. ಈಗ ಎಲ್ಲರದೂ ಹತ್ತು. ಒಬ್ಬಾತ ಹದಿನೆಂಟು ಬರೆಸಿದ. ರಕ್ತ ಮಾತ್ರ ಹೆಚ್ಚುಕಡಿಮೆ ಎಲ್ಲರದೂ ನನ್ನದರಂತೆಯೇ ತಣ್ಣಗಿತ್ತು. ಬೇರೆಲ್ಲೋ ದೊಡ್ಡವರು ಏನು ಕಂಡುಹಿಡಿದರೋ ನನಗೆ ತಿಳಿಯದು, ನಮ್ಮ ಆ ಕೋಣೆಯಲ್ಲಿ ತಲೆನೋವಿನ ತೂಕ ರಕ್ತದಲ್ಲಿ ಸಿಗಲಿಲ್ಲ. ಡಾಕ್ಟರು ಕರಡನ್ನು ಸಭೆಯಲ್ಲಿ ಓದದೆ ಕಟ್ಟಿಟ್ಟರು. ಅಲ್ಲಿಂದ ಮುಂದೆ ಅವರು ಯಾರ ನೋವಿಗೂ ಅಂಕಿ ಕೇಳಲಿಲ್ಲ. ರೊಟ್ಟಿ ತಿನ್ನುತ್ತೀರಾ, ತಲೆ ಬಾಚುತ್ತೀರಾ, ಕಿಟಕಿ ಮುಚ್ಚಿ ಮಲಗುತ್ತೀರಾ ಎಂದು ಕೇಳುತ್ತಿದ್ದರು. ಅದಕ್ಕಾಗಿ ಕನ್ನಡವನ್ನೂ ಕಲಿತರು. ಕಲಿಸಿದ್ದು ಶೇವಂತಾ ಸಿಸ್ಟರ್, ಹಾಗಾಗಿ ಬೈಗುಳವನ್ನೂ ಸೇರಿಸಿ ಕಲಿತರು.

ಎರಡು ಸಾವಿರದ ನಂತರ ನನ್ನ ಕೋಣೆಗೂ ಯಂತ್ರ ಬಂತು. ಓರೆಯಾದರೆ ಕುಂಯ್ ಎನ್ನುತ್ತದೆ, ಅಂಕಿಯನ್ನು ತಾನೇ ಮುದ್ರಿಸುತ್ತದೆ. ಒಳ್ಳೆಯದೇ. ಆದರೆ ಬಾಳವ್ವ ಮತ್ತೆ ಬಂದಾಗ ಇದ್ದದ್ದು ಆ ಹಳೆಯ ನಳಿಕೆಗಳೇ.

ಮಿರಜದಿಂದ ಬಂದು ಮೂರು ತಿಂಗಳಾಗಿತ್ತು. ಗುಳಿಗೆಯಿಂದ ಮುಖ ಪೂರಿಯಂತೆ ಉಬ್ಬಿತ್ತು. ಮಿರಜದ ಅನ್ನ ಹತ್ತಿದೆ ಎಂದು ಊರವರು ಹೊಟ್ಟೆಕಿಚ್ಚು ಪಡುತ್ತಿದ್ದಾರೆಂದು ಹೇಳಿ ನಕ್ಕಳು. ರಕ್ತ ಕೊಡಲು ಸ್ಟೂಲಿನ ಮೇಲೆ ಕೂತಳು. ಎಡಗಣ್ಣು ತೆರೆದೇ ಇತ್ತು, ಆದರೆ ಎತ್ತಲೂ ನೋಡುತ್ತಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟಲು ಹೋದ ನನ್ನ ಕೈ ನಿಂತಿತು. ಯಾರೂ ಕೇಳಿರಲಿಲ್ಲ, ಹೇಳದಿದ್ದರೂ ನಡೆಯುತ್ತಿತ್ತು.

"ಆಯಿ, ನೀವು ಮೊದಲನೇ ಸಲ ಬಂದಾಗನ ನೂರಾ ಹತ್ತ ಬಂದಿತ್ರಿ. ನನ್ನ ಮೇಜ ಓರೆ ಐತಿ ಅಂತ ತಿಳದ ಕಾಟ ಹೊಡದ್ನಿ. ಡಾಕ್ಟರಿಗೆ ತೋರಸಲಿಲ್ಲ. ಅವತ್ತ ತೋರಿಸಿದ್ರ ಆ ಕಣ್ಣ ಉಳೀತಿತ್ತು."

ಬಾಳವ್ವ ಬೆರಳಿಂದ ಎಡಗಣ್ಣಿನ ರೆಪ್ಪೆ ಮುಟ್ಟಿ ನೋಡಿಕೊಂಡಳು. ನನಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಎರಡೂ ಕೈಯಲ್ಲಿ ಸಾಮಾನು.

"ಎಷ್ಟ ದಿನಾ ತಡಾ ಆತು?"

"ಒಂದ ವಾರ ಆಯಿ."

"ಹೂಂ." ಸೆರಗು ಸರಿಮಾಡಿಕೊಂಡು ಹೇಳಿದಳು, "ನಾನೂ ಎರಡಂತ ಸುಳ್ಳ ಹೇಳಿದ್ನೆಲ್ಲೊ ತಮ್ಮಾ. ಹೋದ ಕಣ್ಣಿನಾಗ ನಿಂದರ್ಧಾ, ನಂದರ್ಧಾ." ಮುಖ ಹತ್ತಿರ ತಂದು ಬಲಗಣ್ಣಿನಿಂದ ನನ್ನನ್ನು ನೆಟ್ಟಗೆ ನೋಡಿದಳು. "ಉಳದ ಕಣ್ಣಿಲೇ ನೋಡಾಕತ್ತೀನಿ. ಇಷ್ಟ ದೊಡ್ಡ ಗಂಡಸ ಅಳೋದು ಒಟ್ಟ ಚಲೋ ಕಾಣವಲ್ತು. ರಗತ ತಗಿ."

ತೋಳು ಚಾಚಿದಳು. ನಾನು ರಕ್ತ ತೆಗೆದೆ.